ಏಪ್ರಿಲ್ ಮಧ್ಯಾಹ್ನಕ್ಕೆ ನಮ್ಮನೆ ರೊಬಸ್ಟಾ ಕೋಲ್ಡ್ ಕಾಫಿ

ಈ ಸಲ ಕೊಡಗಲ್ಲೂ ಬಿಸಿಲು ಜೋರಾಗಿದೆ. ನಮ್ಮದು ಸುಂಟಿಕೊಪ್ಪ ಕಡೆ, ಹಂಚಿನ ಮನೆ, ಸುತ್ತ ತೋಟ, ಮರದ ನೆರಳು ಎಲ್ಲಾ ಇದ್ರೂ ಮಧ್ಯಾಹ್ನ ಎರಡು ಗಂಟೆ ಮೇಲೆ ಜಗಲಿಲಿ ಕೂತ್ಕೊಳ್ಳೋಕಾಗ್ತಿಲ್ಲ, ಒಂದು ಎಲೆನೂ ಅಲ್ಲಾಡಲ್ಲ, ಇನ್ನು ಕುಶಾಲನಗರದಲ್ಲಿರೋರ ಪಾಡು ಕೇಳೋದೇ ಬೇಡ. ಹಾಗಂತ ಕಾಫಿ ಬಿಡೋಕಾಗುತ್ತಾ? ಬೆಳಿಗ್ಗೆ ಬಿಸಿ ಕಾಫಿ ಆಗ್ಲೇಬೇಕು, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಮೂರೂವರೆ ಗಂಟೆ ಕಾಫಿ ಮಾತ್ರ ಮಾರ್ಚ್ ಮಧ್ಯದಿಂದ ಮುಂಗಾರು ಹಿಡಿಯೋವರೆಗೂ ನಮ್ಮನೇಲಿ ಕೋಲ್ಡ್ ಕಾಫಿನೇ, ನಾಲ್ಕೈದು ವರ್ಷದಿಂದ ಇದು ಪದ್ಧತಿ ಆಗೋಗಿದೆ. ಹೇಗೆ ಮಾಡ್ತೀನಿ ಅಂತ ಸುಮಾರು ಜನ ಕೇಳಿದ್ರು, ಅದಕ್ಕೇ ಇವತ್ತು ಕೂತು ಪೂರ್ತಿ ಬರೀತಿದೀನಿ.

ನಂಗೆ ಬೇಜಾರಾಗೋ ವಿಷಯ ಒಂದನ್ನ ಮೊದ್ಲೇ ಹೇಳ್ಬಿಡ್ತೀನಿ. ನಮ್ಮ ಜಿಲ್ಲೆಲಿ ಯಾರ ಮನೆಗೆ ಹೋದ್ರೂ ಕೋಲ್ಡ್ ಕಾಫಿ ಅಂದ ತಕ್ಷಣ ಇನ್‌ಸ್ಟಂಟ್ ಪುಡಿ ಡಬ್ಬನೇ ಹೊರಗೆ ಬರುತ್ತೆ. ಭಾರತ ಬೆಳೆಯೋ ಕಾಫಿಲಿ ಸುಮಾರು ಮೂರನೇ ಒಂದು ಭಾಗ ಈ ಪುಟ್ಟ ಜಿಲ್ಲೆಯಿಂದಲೇ ಹೋಗುತ್ತೆ, ಕಣದಲ್ಲಿ ಕಾಫಿ, ಸ್ಟೋರಲ್ಲಿ 50 ಕೆಜಿ ಚೀಲ ಪೇರಿಸಿರ್ತಾರೆ, ಆದ್ರೆ ಲೋಟಕ್ಕೆ ಬೀಳೋದು ಸ್ಯಾಶೆ ಪುಡಿ. ಹೋದ ವರ್ಷ ಮಡಿಕೇರಿ ಹತ್ರ ಒಂದು ರೆಸಾರ್ಟಲ್ಲಿ ನೆಂಟರ ಜೊತೆ ಕೂತು ಕೋಲ್ಡ್ ಕಾಫಿ ಹೇಳಿದ್ವಿ, ಕಿಟಕಿ ಆಚೆ ಅವರದ್ದೇ ತೋಟ, ಬಂದಿದ್ದು ಪ್ರೀಮಿಕ್ಸ್ ಪುಡಿ ಕಲಸಿದ ಸಿಹಿ ಹಾಲು, ಕಾಫಿ ವಾಸನೆ ಹುಡುಕ್ಬೇಕಿತ್ತು. ಬೆಂಗಳೂರಿಂದ ಬಂದಿದ್ದ ನೆಂಟರು ಕೂರ್ಗ್ ಕಾಫಿ ಅಂದ್ರೆ ಇದೇನಾ ಅಂತ ಕೇಳಿದ್ರು. ನಂಗೆ ನಿಜಕ್ಕೂ ಸಂಕಟ ಆಯ್ತು. ಮನೆಗೆ ಕರ್ಕೊಂಡು ಬಂದು ಮಾಡಿ ಕೊಟ್ಟ ಮೇಲೇ ಸಮಾಧಾನ ಆಗಿದ್ದು.

ಇನ್‌ಸ್ಟಂಟ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಅದೂ ಹೆಚ್ಚಾಗಿ ನಮ್ಮಂಥವರು ಬೆಳೆಯೋ ರೊಬಸ್ಟಾ ಜಾತಿ ಕಾಫಿಯಿಂದಲೇ ಆಗೋದು. ನೊರೆ ಚೆನ್ನಾಗಿ ಬರುತ್ತೆ, ತಣ್ಣೀರಲ್ಲೂ ಕರಗುತ್ತೆ, ಉತ್ತರದ ಕಡೆ ಕೋಲ್ಡ್ ಕಾಫಿ ಅಂದ್ರೆ ಇನ್‌ಸ್ಟಂಟ್ ಪುಡಿ, ಹಾಲು, ಸಕ್ಕರೆ, ಐಸು, ಮಿಕ್ಸಿ, ಮೇಲೊಂದು ವೆನಿಲ್ಲಾ ಐಸ್‌ಕ್ರೀಮ್, ಅದು ಅವರ ರುಚಿ, ಅದಕ್ಕೂ ಒಂದು ಮಜಾ ಇದೆ. ಆದ್ರೆ ಮನೇಲೇ ಒಳ್ಳೆ ಬೀಜ ಇರೋರು ಒಂದು ಸಲ ಡಿಕಾಕ್ಷನ್ನಲ್ಲಿ ಮಾಡಿ ನೋಡಿ. ಅದೂ ರೊಬಸ್ಟಾ ಡಿಕಾಕ್ಷನ್ನಲ್ಲಿ.

ರೊಬಸ್ಟಾ ಅಂದ್ರೆ ಮೂಗು ಮುರಿಯೋರೇ ಜಾಸ್ತಿ. ಕಹಿ, ಒರಟು, ವಾಸನೆ ಇಲ್ಲ ಅಂತಾರೆ. 2019ರಲ್ಲಿ ಜಿಐ ಟ್ಯಾಗ್, ಅಂದ್ರೆ ಇಂಥ ಊರಿನ ಬೆಳೆ ಅನ್ನೋ ಗುರುತು, ಕೊಟ್ಟಾಗ್ಲೂ ಕೊಡಗಿಗೆ ಸಿಕ್ಕಿದ್ದು ಕಾಫಿಯ ಇನ್ನೊಂದು ಜಾತಿ ಅರೇಬಿಕಾಗೆ, ರೊಬಸ್ಟಾ ಹೆಸರಲ್ಲಿ ಸಿಕ್ಕಿದ್ದು ಪಕ್ಕದ ವಯನಾಡಿಗೆ. ಆದ್ರೆ ನಮ್ಮ ಕಡೆ ತೋಟ ನೋಡಿದ್ರೆ ಬಹುಪಾಲು ರೊಬಸ್ಟಾನೇ. ಈಗ ಯೋಚನೆ ಮಾಡಿ, ಕೋಲ್ಡ್ ಕಾಫಿಲಿ ಏನಾಗುತ್ತೆ? ಹಾಲು ಜಾಸ್ತಿ, ಸಕ್ಕರೆ ಇರುತ್ತೆ, ಮೇಲಿಂದ ಚಳಿ. ನಾಲಿಗೆ ತಣ್ಣಗಾದ್ರೆ ರುಚಿ ಎಲ್ಲಾ ಮಂದ ಆಗುತ್ತೆ. ಅರೇಬಿಕಾದಲ್ಲಿರೋ ಆ ನವಿರು, ಹಣ್ಣಿನ ಥರದ ಹುಳಿ ಎಲ್ಲಾ ಅಷ್ಟು ತಣ್ಣನೆ ಹಾಲಲ್ಲಿ ಕಳೆದೇ ಹೋಗುತ್ತೆ, ನಾನು ಎಷ್ಟೋ ಸಲ ಮಾಡಿ ನೋಡಿದೀನಿ, ಬರೀ ಕಂದು ಬಣ್ಣದ ಹಾಲು ಕುಡಿದ ಹಾಗಿರುತ್ತೆ. ರೊಬಸ್ಟಾ ಹಾಗಲ್ಲ, ಅದ್ರ ಕಹಿ, ಅದ್ರ ದಪ್ಪ ಹಾಲನ್ನ ಸೀಳ್ಕೊಂಡು ಮೇಲೆ ಬರುತ್ತೆ. ಬಿಸಿ ಕಾಫಿಲಿ ಯಾವುದನ್ನ ಒರಟು ಅಂತೀವೋ ಅದೇ ಇಲ್ಲಿ ಬೇಕಾಗೋದು. ರೊಬಸ್ಟಾದಲ್ಲೇ ಪೆರಡೇನಿಯಾ ಅನ್ನೋ ಹಳೇ ತಳಿ ಗಿಡದ್ದು ಸ್ವಲ್ಪ ಕಹಿ ಜಾಸ್ತಿ, ಸಿಎಕ್ಸ್‌ಆರ್ ಅನ್ನೋ ಮಿಶ್ರತಳಿ ಬೀಜ ಮೆತ್ತಗಿರುತ್ತೆ, ನಾನು ಎರಡನ್ನೂ ಅರ್ಧರ್ಧ ಸೇರಿಸ್ತೀನಿ.

2024ರಲ್ಲಿ ರೊಬಸ್ಟಾಗೆ ಯಾರೂ ಕಂಡಿರದಂಥ ರೇಟ್ ಬಂತಲ್ಲ, ಆವಾಗ ಸುಮಾರು ಮನೆಗಳಲ್ಲಿ ಮನೆ ಖರ್ಚಿಗೆ ಅಂತ ಇಟ್ಟಿದ್ದನ್ನೂ ಮಾರ್ಬಿಟ್ರು. ತಪ್ಪು ಅನ್ನೋಕಾಗಲ್ಲ, ಎಷ್ಟೋ ವರ್ಷ ರೇಟ್ ಇಲ್ದೆ ಒದ್ದಾಡಿದ್ರು. ನಮ್ಮನೇಲಿ ಮಾತ್ರ ಅಮ್ಮ ಹಟ ಹಿಡಿದು 15 ಕೆಜಿ ತೆಗೆದಿಟ್ರು, ಅದೂ ಗಿಡದಲ್ಲಿ ಪೂರ್ತಿ ಹಣ್ಣಾಗಿದ್ದನ್ನೇ ಆರಿಸಿ ಒಣಗಿಸಿದ್ದು. ರೊಬಸ್ಟಾ ಕಹಿ ಅನ್ನೋಕೆ ಅರ್ಧ ಕಾರಣ ಅದೇ, ಹಸಿಕಾಯಿ, ಅರೆಹಣ್ಣು, ಹಣ್ಣು ಎಲ್ಲಾ ಒಟ್ಟಿಗೆ ಎಳೆದು ಹಾಕ್ತಾರೆ, ಕಣದಲ್ಲಿ ಸರಿಯಾಗಿ ಕೈಯಾಡ್ಸಲ್ಲ, ಒಂದು ಮಳೆ ಬಿತ್ತು ಅಂದ್ರೆ ಬೂಸ್ಟು ಹಿಡಿಯುತ್ತೆ. ಬೀಜದ ತಪ್ಪಲ್ಲ ಅದು.

ಹುರಿಯೋದು ಮನೇಲೇ. ದಪ್ಪ ಕಬ್ಬಿಣದ ಬಾಣಲೆ, ಸೌದೆ ಒಲೆ, ಒಂದು ಸಲಕ್ಕೆ ಅರ್ಧ ಕೆಜಿ ಮೇಲೆ ಹಾಕಲ್ಲ, ಹಾಕಿದ್ರೆ ಒಂದು ಕಪ್ಪು ಒಂದು ಬಿಳಿ ಆಗುತ್ತೆ. ಮೊದಲು ಹುಲ್ಲಿನ ವಾಸನೆ, ಆಮೇಲೆ ಬ್ರೆಡ್ ಸುಟ್ಟ ಹಾಗೆ, ಆಮೇಲೆ ಚಟ್ ಚಟ್ ಅಂತ ಒಡೆಯೋ ಸದ್ದು ಶುರು ಆಗುತ್ತೆ, ಆ ಸದ್ದು ನಿಂತು ಬೀಜ ಒಳ್ಳೆ ಕಂದು ಬಣ್ಣಕ್ಕೆ ಬಂದು ಮೇಲೆ ಎಣ್ಣೆ ಇನ್ನೂ ಜಿನುಗಿರಬಾರ್ದು, ಅಷ್ಟೊತ್ತಿಗೆ ಇಳಿಸಿ ಮೊರಕ್ಕೆ ಸುರಿದು ಕೇರ್ಬೇಕು. ಬಾಣಲೆಲೇ ಬಿಟ್ರೆ ಬಾಣಲೆ ಕಾವಿಗೇ ಸೀದು ಹೋಗುತ್ತೆ. ಅರ್ಧ ಕೆಜಿ ಹಾಕಿದ್ರೆ 420 ಗ್ರಾಂ ಹತ್ರ ಸಿಗುತ್ತೆ, ಉಳಿದಿದ್ದು ನೀರಿನ ಅಂಶ, ಹೊಗೆ. ಹುರಿದ ದಿನವೇ ಪುಡಿ ಮಾಡ್ಬೇಡಿ, ಬೀಜದೊಳಗೆ ಗ್ಯಾಸ್ ಇರುತ್ತೆ, ಒಂದು ದಿನ ಬಿಟ್ರೆ ಡಿಕಾಕ್ಷನ್ ಸಮವಾಗಿ ಇಳಿಯುತ್ತೆ. ಇಷ್ಟೆಲ್ಲಾ ಆಗಲ್ಲ ಅನ್ನೋರು ಊರಿನ ಕಾಫಿ ಪುಡಿ ಅಂಗಡಿಲಿ ರೊಬಸ್ಟಾ ಅಂತ ಕೇಳಿ ಎದುರಿಗೇ ಪುಡಿ ಮಾಡಿಸ್ಕೊಳ್ಳಿ.

ಚಿಕೋರಿ ವಿಷಯ. ಅದು ಕಾಫಿನೇ ಅಲ್ಲ, ಒಂದು ಗಿಡದ ಬೇರು, ನಮ್ಮ ದೇಶದಲ್ಲಿ ಗುಜರಾತ್, ಉತ್ತರ ಪ್ರದೇಶದ ಕಡೆ ಬೆಳೀತಾರೆ. ಬಣ್ಣ ಕೊಡುತ್ತೆ, ದಪ್ಪ ಕೊಡುತ್ತೆ, ಕೆಫೀನ್ ಇರಲ್ಲ. ಕಾನೂನು ಪ್ರಕಾರ ಕಾಫಿ ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ 51% ಇರ್ಬೇಕು, ಅಂದ್ರೆ 49% ವರೆಗೂ ಬೇರು ಇರಬಹುದು, ಪ್ಯಾಕೆಟ್ ಮೇಲೆ ಬರೆದಿರುತ್ತೆ, ಓದಿ ತಗೊಳ್ಳಿ. ಬಿಸಿ ಕಾಫಿಗೆ 15% ನಾನೂ ಒಪ್ತೀನಿ, ಆದ್ರೆ ಕೋಲ್ಡ್ ಕಾಫಿಗೆ ಬೇಡ, ತಣ್ಣಗಾದ ಮೇಲೆ ಅದ್ರ ಸುಟ್ಟ ಬೆಲ್ಲದ ಥರದ ವಾಸನೆ ಮಾತ್ರ ಬಾಯಲ್ಲಿ ಉಳ್ಕೊಳ್ಳುತ್ತೆ.

ಈಗ ಡಿಕಾಕ್ಷನ್. ಇದೇ ಮುಖ್ಯ, ಬೇರೆಲ್ಲಾ ಹೆಚ್ಚು ಕಮ್ಮಿ ಆದ್ರೂ ನಡೆಯುತ್ತೆ. ಮೂರು ಲೋಟಕ್ಕೆ 40 ಗ್ರಾಂ ಪುಡಿ, 200 ಎಂಎಲ್ ನೀರು. ಜಾಸ್ತಿ ಅನ್ಸುತ್ತೆ, ಆದ್ರೆ ಪುಡಿನೇ ತನ್ನ ತೂಕದ ಎರಡರಷ್ಟು ನೀರು ಹೀರ್ಕೊಂಡ್ಬಿಡುತ್ತೆ, ಅಂದ್ರೆ 80 ಎಂಎಲ್ ಅಲ್ಲೇ ಹೋಯ್ತು, ಕೆಳಗೆ ಇಳಿಯೋದು 120. ಒಂದು ಲೋಟಕ್ಕೆ 40 ಎಂಎಲ್ ಲೆಕ್ಕ. ನಮ್ಮಜ್ಜಿ ಕಾಲದ ಹಿತ್ತಾಳೆ ಫಿಲ್ಟರ್ ಇದೆ, ತೂತು ಸಣ್ಣ, ನಿಧಾನ ಇಳಿಯುತ್ತೆ. ಪುಡಿ ಹಾಕಿ ಒತ್ತುಬಿಲ್ಲೆ ಹಗುರವಾಗಿ ಇಟ್ಟು, ನೀರು ಕುದಿ ಬಂದು ಒಂದು ನಿಮಿಷ ಆದ ಮೇಲೆ ಮೊದಲು ಎರಡು ಚಮಚ ಮಾತ್ರ ಸುತ್ತ ಹಾಕಿ ಅರ್ಧ ನಿಮಿಷ ಬಿಡಿ. ಪುಡಿ ಉಸಿರು ಬಿಟ್ಟ ಹಾಗೆ ಸ್ವಲ್ಪ ಉಬ್ಬುತ್ತೆ, ಸಣ್ಣ ಗುಳ್ಳೆ ಬರುತ್ತೆ, ಬಿಲ್ಲೆ ಒಂಚೂರು ಮೇಲೆದ್ದಿರುತ್ತೆ. ಆಮೇಲೆ ಉಳಿದ ನೀರು ಹಾಕಿ ಮುಚ್ಚಿ. ಕಿವಿ ಹತ್ರ ಇಟ್ರೆ ಟಪ್, ಟಪ್ ಅಂತ ಹನಿ ಬೀಳೋದು ಕೇಳ್ಬೇಕು. ಸೊರ್ರಂತ ಇಳಿದ್ರೆ ಪುಡಿ ದಪ್ಪ ಆಯ್ತು ಅಂತ. ಅರ್ಧ ಗಂಟೆ, ಮುಕ್ಕಾಲು ಗಂಟೆ ಬೇಕಾಗುತ್ತೆ, ಮೇಲೆ ತಟ್ಟೋದು ಅಲ್ಲಾಡ್ಸೋದು ಮಾಡ್ಬೇಡಿ.

ಸಕ್ಕರೆ ಬಿಸಿ ಡಿಕಾಕ್ಷನ್‌ಗೇ ಹಾಕ್ಬಿಡಿ. ತಣ್ಣನೆ ಹಾಲಿಗೆ ಹಾಕಿದ್ರೆ ಕರಗದೆ ತಳದಲ್ಲಿ ಕೂತಿರುತ್ತೆ, ಕೊನೇ ಗುಟುಕು ಪಾಕ ಕುಡಿದ ಹಾಗೆ. ಚಳಿಗೆ ಸಿಹಿ ಕಮ್ಮಿ ಗೊತ್ತಾಗೋದ್ರಿಂದ ಬಿಸಿ ಕಾಫಿಗೆ ಒಂದು ಚಮಚ ಹಾಕೋರು ಇಲ್ಲಿ ಎರಡು ಹಾಕ್ಬೇಕಾಗುತ್ತೆ. ಆಮೇಲೆ ಆ ಪಾತ್ರೆನ ನೀರು ತುಂಬಿದ ತಟ್ಟೆಲಿ ಕಾಲು ಗಂಟೆ ಇಟ್ಟು ಆರಿಸಿ, ಗಟ್ಟಿ ಮುಚ್ಚಳ ಹಾಕಿ ಫ್ರಿಡ್ಜಿಗೆ. ಮುಚ್ಚಳ ಮರೀಬೇಡಿ, ಕಾಫಿ ಪಕ್ಕದಲ್ಲಿರೋ ವಾಸನೆ ಎಲ್ಲಾ ಎಳ್ಕೊಳ್ಳುತ್ತೆ, ನಮ್ಮ ಕಡೆ ಫ್ರಿಡ್ಜಲ್ಲಿ ಹಂದಿ ಕರಿ, ಒಣಮೀನು ಇದ್ದೇ ಇರುತ್ತೆ.

ಬಿಸಿ ಡಿಕಾಕ್ಷನ್ ಯಾವ ಕಾರಣಕ್ಕೂ ಮಿಕ್ಸಿಗೆ ಹಾಕ್ಬೇಡಿ. ನಾನು ಒಂದು ಸಲ ಅವಸರಕ್ಕೆ ಹಾಕಿ ತಿರುಗಿಸ್ದೆ, ಒಳಗೆ ಆವಿ ತುಂಬಿ ಮುಚ್ಚಳ ಹಾರಿ ಮೊಣಕೈವರೆಗೂ ಬಿತ್ತು, ಬೊಕ್ಕೆ ಬಂದು ಹತ್ತು ದಿನ ತೋಟದ ಕೆಲಸ ಮಾಡೋಕಾಗ್ಲಿಲ್ಲ. ಚಿಕ್ಕ ಮಕ್ಕಳು ಪಕ್ಕದಲ್ಲೇ ನಿಂತಿದ್ರು, ಅವರ ಮೇಲೆ ಬಿದ್ದಿದ್ರೆ ಅಂತ ಈಗ್ಲೂ ನೆನಪಾಗುತ್ತೆ.

ಫಿಲ್ಟರಲ್ಲಿ ಉಳಿದ ಪುಡಿಗೆ ಇನ್ನೊಂದು ಸಲ ಬಿಸಿ ನೀರು ಹಾಕಿ ಎರಡನೇ ಡಿಕಾಕ್ಷನ್ ತೆಗೀತೀವಲ್ಲ, ಆ ತೆಳು ಡಿಕಾಕ್ಷನ್ನ ನಾನು ಆರಿಸಿ ಐಸ್ ಟ್ರೇಗೆ ಹಾಕ್ತೀನಿ. ಕೋಲ್ಡ್ ಕಾಫಿ ಕೆಡೋದೇ ಐಸಿಂದ, ಮೊದಲ ಗುಟುಕು ಚೆನ್ನಾಗಿರುತ್ತೆ, ಹತ್ತು ನಿಮಿಷಕ್ಕೆ ನೀರು ನೀರು. ಈ ಕಾಫಿ ಐಸ್ ಹಾಕಿದ್ರೆ ಕರಗಿದಷ್ಟೂ ಕಾಫಿನೇ ಆಗುತ್ತೆ.

ಹಾಲು ಕಾಯಿಸಿ ಆರಿಸಿ ಕೆನೆ ತೆಗೆದು ಸೋಸ್ಬೇಕು, ಇಲ್ದಿದ್ರೆ ತಣ್ಣಗೆ ಕುಡಿಯೋವಾಗ ಕೆನೆ ಚೂರು ನಾಲಿಗೆಗೆ ಸಿಕ್ಕಿ ಮುಖ ಕಿವುಚೋ ಹಾಗಾಗುತ್ತೆ. ನಂದಿನಿ ನೀಲಿ ಪ್ಯಾಕೆಟ್ ತೆಳು, ಅದಾದ್ರೆ ಸ್ವಲ್ಪ ಕುದಿಸಿ ಇಳಿಸ್ಕೊಳ್ಳಿ, ಮನೆ ಹಸುವಿನ ಹಾಲಾದ್ರೆ ಹಾಗೇ ಸಾಕು. ಕುಡಿಯೋಕೆ ಮುಕ್ಕಾಲು ಗಂಟೆ ಮುಂಚೆ ಹಾಲನ್ನ ಫ್ರೀಜರಲ್ಲಿ ಇಡಿ, ಅಂಚಲ್ಲಿ ಐಸ್ ಎಳೆ ಕಟ್ಟೋಕೆ ಶುರು ಆದಾಗ ತೆಗೀರಿ, ಅಷ್ಟು ತಣ್ಣಗಿದ್ರೇ ಡಿಕಾಕ್ಷನ್ ಕಾಫಿಗೆ ನೊರೆ ಬರೋದು. ಮೊದಲು ಡಿಕಾಕ್ಷನ್ ಜೊತೆ ಒಂದು ಲೋಟ ಹಾಲು ಮಾತ್ರ ಹಾಕಿ 20 ಸೆಕೆಂಡ್ ತಿರುಗಿಸಿ, ಆಮೇಲೆ ಉಳಿದಿದ್ದು ಹಾಕಿ ಹತ್ತು ಸೆಕೆಂಡ್. ಒಂದು ಲೋಟಕ್ಕೆ ಹಾಲು 180 ಎಂಎಲ್. ಕೆಳಗೆ ಮೂರು ಕಾಫಿ ಐಸ್ ಹಾಕಿ ಮೇಲಿಂದ ಸುರೀರಿ. ಇನ್‌ಸ್ಟಂಟಿನಷ್ಟು ದಪ್ಪ ನೊರೆ ಬರಲ್ಲ, ಬೆರಳಷ್ಟು ಬರುತ್ತೆ, ಅಷ್ಟು ಸಾಕು. ಸಕ್ಕರೆ ಜೊತೆ ಒಂದೇ ಒಂದು ಏಲಕ್ಕಿ ಕುಟ್ಟಿ ಹಾಕೋದುಂಟು, ಚಾಕೊಲೇಟ್ ಸಿರಪ್ ಮಕ್ಕಳು ಕೇಳಿದ್ರೆ ಮಾತ್ರ.

ಮಧ್ಯಾಹ್ನ ಕರೆಂಟ್ ಇರೋದೇ ಡೌಟು ನಮ್ಮಲ್ಲಿ, ಮೇಲಿಂದ ತೋಟದ ಮೋಟರ್ ಆನ್ ಮಾಡಿದ್ರೆ ವೋಲ್ಟೇಜ್ ಬಿದ್ದು ಮಿಕ್ಸಿ ಗುಂಯ್ ಅಂತ ಅಳುತ್ತೆ. ಅದಕ್ಕೆ ಅಮ್ಮ ಕಂಡುಹಿಡಿದ ದಾರಿ ಮಜ್ಜಿಗೆ ಕಡಗೋಲು. ಎತ್ತರದ ಸ್ಟೀಲ್ ಪಾತ್ರೆಲಿ ಹಾಲು ಡಿಕಾಕ್ಷನ್ ಹಾಕಿ ಕಡಗೋಲನ್ನ ಎರಡು ಅಂಗೈ ನಡುವೆ ಉಜ್ಜಿ ಎರಡು ನಿಮಿಷ ಕಡೀತಾರೆ, ಕಡಗೋಲಿನ ಹೂವು ಹಾಲಿನ ಮೇಲ್ಭಾಗದಲ್ಲಿ ಅರ್ಧ ಮುಳುಗಿ ಅರ್ಧ ಹೊರಗಿರ್ಬೇಕು, ಆಗ ಗಾಳಿ ಸೇರುತ್ತೆ. ಮಿಕ್ಸಿಗಿಂತ ಸಣ್ಣ ನೊರೆ, ಬೇಗ ಇಳಿಯಲ್ಲ, ನಂಗೆ ಇದೇ ಇಷ್ಟ. ಕಡಗೋಲಿಗೆ ಹುಳಿ ಮಜ್ಜಿಗೆ ವಾಸನೆ ಇರಬಾರ್ದು, ಬಿಸಿ ನೀರಲ್ಲಿ ಚೆನ್ನಾಗಿ ತೊಳೀಬೇಕು.

ಅಪ್ಪ ಮೊದಮೊದಲು ಮುಟ್ತಾನೇ ಇರ್ಲಿಲ್ಲ. ಆರಿದ ಕಾಫಿ ಯಾರಾದ್ರೂ ಕುಡೀತಾರಾ ಅಂತಿದ್ರು. ನಮ್ಮಲ್ಲಿ ಆರಿದ ಕಾಫಿ ಅಂದ್ರೆ ಅತಿಥಿಗೆ ಅವಮಾನ ಮಾಡಿದ ಹಾಗೆ, ಅದಕ್ಕೇ ಇರ್ಬೇಕು ಎಲ್ರೂ ಕೋಲ್ಡ್ ಕಾಫಿ ಅಂತ ಇಂಗ್ಲಿಷಲ್ಲೇ ಹೇಳೋದು, ತಣ್ಣನೆ ಕಾಫಿ ಅಂದ್ರೆ ಯಾರೋ ಕುಡಿಯೋದು ಮರೆತು ಇಟ್ಟಿದ್ದು ಅನ್ಸುತ್ತೆ. ಆದ್ರೆ ಎರಡೂ ಬೇರೆನೇ. ಬಿಸಿಗೆ ಅಂತ ಬೆರೆಸಿದ್ದು ಆರಿದ್ರೆ ಸಪ್ಪೆ, ಇದು ತಣ್ಣಗೆ ಕುಡಿಯೋಕೆ ಅಂತಲೇ ಡಿಕಾಕ್ಷನ್ ಗಟ್ಟಿ ಇಳಿಸಿ ಮಾಡಿದ್ದು. ಹೋದ ವರ್ಷ ಸ್ಪ್ರಿಂಕ್ಲರ್ ಪೈಪ್ ಬದಲಾಯಿಸಿ ಬೆವರಿ ಬಂದಿದ್ದ ಒಂದು ದಿನ ಅಪ್ಪ ಒಂದು ಲೋಟ ಪೂರ್ತಿ ಕುಡಿದು, ಇನ್ನು ಸ್ವಲ್ಪ ಉಂಟಾ ಅಂತ ಕೇಳಿದ್ರು, ಈಗ ಮೂರೂವರೆಗೆ ತಾವೇ ಬಂದು ಅಡುಗೆಮನೆ ಬಾಗಿಲಲ್ಲಿ ನಿಲ್ತಾರೆ.

ತೋಟದಲ್ಲಿ ಕೆಲಸ ಮಾಡೋರಿಗೆ ನಾವು ಕೊಡೋದು ಬೇರೆ, ಅದು ಬೆಲ್ಲದ ಕಾಫಿ. ಕೊಡಗಲ್ಲಿ ಹಾಲಿಲ್ಲದ ಬೆಲ್ಲದ ಕಾಫಿ ಹಿಂದಿಂದ ಇರೋದೇ, ಚಳಿಗೆ, ಮಳೆಗೆ ಬಿಸಿಬಿಸಿ ಕುಡಿಯೋದು. ಬೇಸಿಗೆಲಿ ಅದನ್ನೇ ತಣ್ಣಗೆ ಮಾಡ್ಬಹುದು. ಒಂದು ಲೀಟರ್ ನೀರಿಗೆ ನಿಂಬೆಹಣ್ಣಿನ ಗಾತ್ರದ ಎರಡು ಮೂರು ಉಂಡೆ ಬೆಲ್ಲ, ಜಜ್ಜಿದ ಶುಂಠಿ ಒಂದಿಂಚು, ಕುದಿ ಬಂದ ಮೇಲೆ ನಾಲ್ಕು ಚಮಚ ರೊಬಸ್ಟಾ ಪುಡಿ ಹಾಕಿ ತಕ್ಷಣ ಒಲೆ ಆರಿಸಿ ಮುಚ್ಚಿಡಿ, ಹತ್ತು ನಿಮಿಷಕ್ಕೆ ಚರಟ ತಳ ಸೇರುತ್ತೆ, ಬಟ್ಟೆಲಿ ಸೋಸಿ ಆರಿಸಿ ಮಣ್ಣಿನ ಹೂಜಿಗೆ ಹಾಕಿ. ಹೂಜಿ ತಣ್ಣಗೆ ಇರೋದು ಫ್ರಿಡ್ಜಿನ ಹಾಗಲ್ಲ, ಗಂಟಲು ಹಿಡಿಯಲ್ಲ, ಬಿಸಿಲಲ್ಲಿ ದುಡಿದು ಬಂದೋರಿಗೆ ಅದೇ ಹಿತ. ಲೋಟಕ್ಕೆ ಹಾಕಿದ ಮೇಲೆ ಅರ್ಧ ನಿಂಬೆ ಹಿಂಡಿದ್ರೆ ಇನ್ನೂ ಚೆನ್ನ, ಮೊದಲು ಕೇಳಿದ್ರೆ ವಿಚಿತ್ರ ಅನ್ಸುತ್ತೆ, ಕುಡಿದೋರು ಮತ್ತೆ ಕೇಳ್ತಾರೆ. ಇದಕ್ಕೆ ಹಾಲು ಸೇರಿಸೋ ಆಸೆ ಆದ್ರೆ ಎರಡೂ ಪೂರ್ತಿ ತಣ್ಣಗಿರ್ಬೇಕು, ನಿಂಬೆ ಹಾಕಿರಬಾರ್ದು, ಬೆಲ್ಲ ಬಿಸಿ ಹಾಲಿಗೆ ಬಿದ್ರೆ ಎಷ್ಟೋ ಸಲ ಒಡೆದು ಹೋಗುತ್ತೆ.

ಫೆಬ್ರವರಿ ಮಾರ್ಚಲ್ಲಿ ಹೂಮಳೆಗೆ ಕಾಯ್ತಾ ಕೂತಿರ್ತೀವಲ್ಲ, ಯಾರು ಸಿಕ್ಕಿದ್ರೂ ನಿಮ್ಮಲ್ಲಿ ಎಷ್ಟು ಸೆಂಟು ಬಿತ್ತು ಅಂತಲೇ ಮಾತು (ನೂರು ಸೆಂಟು ಅಂದ್ರೆ ಒಂದಿಂಚು ಮಳೆ), ಒಂದಿಂಚು ಮೇಲೆ ಬಿದ್ರೆ ಜೀವ ಬಂದ ಹಾಗೆ, ಬೀಳ್ಲಿಲ್ಲ ಅಂದ್ರೆ ಹೊಳೆ, ಕೆರೆ ಇರೋರು ಸ್ಪ್ರಿಂಕ್ಲರ್ ಹಾಕ್ತಾರೆ. ನೀರು ಬಿದ್ದು ಎಂಟು ಹತ್ತು ದಿನಕ್ಕೆ ಗಿಡದ ತುಂಬ ಬಿಳಿ ಹೂವು, ಮಲ್ಲಿಗೆ ಥರ ಪರಿಮಳ, ಜೇನು ಗುಂಯ್‌ಗುಡ್ತಿರುತ್ತೆ, ರೊಬಸ್ಟಾ ಹೂವಿಗೆ ಬೇರೆ ಗಿಡದ ಪರಾಗನೇ ಆಗ್ಬೇಕು, ಹಾಗಾಗಿ ಆ ಜೇನು ನಮ್ಮ ಫಸಲಿಗೆ ದೊಡ್ಡ ಆಸರೆ. ಮೂರ್ನಾಲ್ಕು ದಿನ ಅಷ್ಟೇ, ಆಮೇಲೆ ಕಂದಿ ಹೋಗುತ್ತೆ. ಆ ಮೂರ್ನಾಲ್ಕು ದಿನ ನಾನು ಮನೆ ಒಳಗೆ ಕಾಫಿ ಕುಡಿಯಲ್ಲ, ಹೂಜಿ ಲೋಟ ಎತ್ಕೊಂಡು ತೋಟಕ್ಕೇ ಹೋಗ್ತೀನಿ.

ಇನ್ನು ಅರೇಬಿಕಾ ಇರೋರಿಗೆ. ಅದನ್ನ ಹಾಲಿಗೆ ಹಾಕಿ ಹಾಳು ಮಾಡೋ ಬದ್ಲು ತಣ್ಣೀರಲ್ಲಿ ನೆನೆಹಾಕಿ ಬ್ಲ್ಯಾಕ್ ಕುಡೀರಿ, ಈಗ ಕೋಲ್ಡ್ ಬ್ರೂ ಅಂತಾರಲ್ಲ ಅದೇ. 100 ಗ್ರಾಂ ಪುಡಿ, ರವೆಗಿಂತ ಸ್ವಲ್ಪ ದಪ್ಪ ಇರ್ಬೇಕು, 800 ಎಂಎಲ್ ಕುಡಿಯೋ ನೀರು, ಗಾಜಿನ ಜಾಡಿಲಿ ಕಲಸಿ ಮುಚ್ಚಿ ಫ್ರಿಡ್ಜಲ್ಲಿ 14 ಗಂಟೆ. ಬಿಸಿನೇ ತಾಗದ ಕಾರಣ ಕಹಿ, ಹುಳಿ ಎರಡೂ ಕಮ್ಮಿ ಬಿಡುತ್ತೆ, ಸಿಹಿ ಇಲ್ದೇನೂ ಕುಡೀಬಹುದು. ಹಳೇ ಪಂಚೆ ಬಟ್ಟೆಲಿ ಎರಡು ಸಲ ಸೋಸಿ, ಹಿಂಡಬೇಡಿ, ಹಿಂಡಿದ್ರೆ ಸಣ್ಣ ಪುಡಿ ಬಂದು ಕೆಸರಾಗುತ್ತೆ. 600 ಎಂಎಲ್ ಹತ್ರ ಸಿಗುತ್ತೆ, ಗಟ್ಟಿ ಇರುತ್ತೆ, ಅಷ್ಟೇ ನೀರು, ಐಸು ಸೇರಿಸಿ ಕುಡೀರಿ, ನಾಲ್ಕು ದಿನದೊಳಗೆ ಮುಗಿಸಿ. ಸಿಹಿ ಬೇಕೇಬೇಕು ಅಂದ್ರೆ ಒಂದು ಚಮಚ ಜೇನುತುಪ್ಪನ ಸ್ವಲ್ಪ ಉಗುರುಬೆಚ್ಚಗಿನ ನೀರಲ್ಲಿ ಕರಗಿಸಿ ಹಾಕಿ.

ಒಂದು ಎಚ್ಚರಿಕೆ. ತಣ್ಣಗಿದೆ, ಸಿಹಿ ಇದೆ ಅಂತ ಮಕ್ಕಳು ಗಟಗಟ ಕುಡಿದ್ಬಿಡ್ತಾರೆ, ಆದ್ರೆ ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾಗಿಂತ ಹತ್ತತ್ರ ಎರಡರಷ್ಟು. ಮಕ್ಕಳಿಗೆ ನಾನು ಬರೀ ತಣ್ಣನೆ ಹಾಲಿಗೆ ಒಂದು ಸಣ್ಣ ಚಮಚ ಡಿಕಾಕ್ಷನ್ ಬಣ್ಣಕ್ಕೆ ಅಂತ ಹಾಕ್ತೀನಿ. ದೊಡ್ಡೋರೂ ಐದು ಗಂಟೆ ಮೇಲೆ ಬೇಡ, ರಾತ್ರಿ ಸೂರು ಎಣಿಸ್ತಾ ಮಲಗ್ಬೇಕಾಗುತ್ತೆ.

ಈಗ ರಾತ್ರಿ ಒಂಬತ್ತಾಯ್ತು. ಸೋಮವಾರಪೇಟೆ ಕಡೆಯಿಂದ ಗೆಳತಿ ಕಳಿಸಿದ ಅರೇಬಿಕಾ 100 ಗ್ರಾಂ ನೆನೆಹಾಕಿ ಫ್ರಿಡ್ಜಲ್ಲಿಟ್ಟು ಬಂದು ಇದನ್ನ ಬರೀತಿದೀನಿ, ನಾಳೆ ಹನ್ನೊಂದಕ್ಕೆ ಸೋಸ್ಬೇಕು. ನಾಪೋಕ್ಲಿಂದ ಚಿಕ್ಕಮ್ಮ ಬರ್ತಾರೆ, ಅವರಿಗೆ ಹಾಲಿಂದೇ ಆಗ್ಬೇಕು, ಹಾಗಾಗಿ ಬೆಳಿಗ್ಗೆ ಎದ್ದ ತಕ್ಷಣ ಹಿತ್ತಾಳೆ ಫಿಲ್ಟರಿಗೂ 40 ಗ್ರಾಂ ಹಾಕಿಡ್ಬೇಕು.